ನೋಂಬಿನವನ ಎದುರು ನೀರು

ಬೆವರು ನಿಂತಿದೆ, ಹಾಗಾದರೆ ಗಾಳಿ ಬಂತು, ಕಡಲಿನ ಕಡೆಯಿಂದ ಒಂದು ಸಲ ಬೀಸಿರಬೇಕು, ಇಲ್ಲದಿದ್ದರೆ ಇಷ್ಟು ಹೊತ್ತು ಹುಬ್ಬಿನಿಂದ ಕಣ್ಣಿಗೆ, ಕಣ್ಣಿನಿಂದ ಮೀಸೆಗೆ ಇಳಿಯುತ್ತಿದ್ದ ಉಪ್ಪುನೀರು ಒಮ್ಮೆಲೇ ಎಲ್ಲಿಗೆ ಹೋಯಿತು, ಗುಣಪಾಲ ಮೊಣಕೈಯಿಂದ ಹಣೆ ಒರೆಸಿ ನೋಡಿದ, ಒಣಗಿದೆ, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ, ಒಳ್ಳೆಯದೇ ಆಯಿತು, ಊರಲ್ಲಿಯೂ ಹಾಗೇ ಅಲ್ಲವಾ, ಮೇ ತಿಂಗಳ ಮಧ್ಯಾಹ್ನ ಬನಿಯನ್ನು ಬೆನ್ನಿಗೆ ಅಂಟಿಸಿಕೊಂಡು ಜಗಲಿಯಲ್ಲಿ ಕೂತವರಿಗೆ ಕಡಲಗಾಳಿ ಹೊರಟ ಸುದ್ದಿ ಮೊದಲು ಸಿಗುವುದು ಬೆನ್ನಿಗೆ, ಬೆವರು ಆರಿತು, ಇನ್ನು ಏಳಿ ಅಂತ ಅಪ್ಪ ಹೆಗಲಿಗೆ ಬೈರಾಸು ಹಾಕಿಕೊಳ್ಳುತ್ತಿದ್ದರು — ಆದರೆ ಮಡಲು ಅಲ್ಲಾಡುತ್ತಿಲ್ಲ, ಅದೊಂದು ವಿಚಿತ್ರ, ಮೂಗಿನ ಎದುರಿಗೇ ಇರುವ ಖರ್ಜೂರದ ಮಡಲು, ಸೂಜಿಯಂಥ ಅದರ ಎಲೆಗಳು, ಒಂದೂ ಅಲ್ಲಾಡುತ್ತಿಲ್ಲ, ಕೆಳಗಿನ ಕೆರೆಯ ನೀರೂ ಅಲ್ಲಾಡುತ್ತಿಲ್ಲ, ಕೆರೆಯಂತೆ ಕೆರೆ, ದುಬೈಯ ಮರಳು ಅಗೆದು ಸಿಮೆಂಟು ಹಾಕಿ ನೀರು ಬಿಟ್ಟು ಸುತ್ತ ಗಾಜಿನ ಟವರುಗಳನ್ನು ನಿಲ್ಲಿಸಿ ಜುಮೇರಾ ಲೇಕ್ ಟವರ್ಸ್ ಅಂತ ಹೆಸರಿಟ್ಟಿದ್ದಾರೆ, ಒಂದೊಂದು ಟವರೂ ಸೂರ್ಯನನ್ನು ಹಿಡಿದು ಇನ್ನೊಂದಕ್ಕೆ ಎಸೆಯುತ್ತದೆ, ಅದು ಮತ್ತೊಂದಕ್ಕೆ, ನಡುವೆ ಈ ಖರ್ಜೂರದ ಸಾಲು, ಹನ್ನೊಂದು ಮರ, ಒಂಬತ್ತು ಆಯಿತು, ಇದು ಹತ್ತನೆಯದು, ಹತ್ತನೆಯದರ ಮೇಲೆ ಎರಡು ಮಾಳಿಗೆ ಎತ್ತರದಲ್ಲಿ ಬೆನ್ನ ಹಿಂದಿನಿಂದ ಮರವನ್ನು ಬಳಸಿ ಬಂದ ಹಗ್ಗದ ಪಟ್ಟಿಗೆ ಸೊಂಟ ಕೊಟ್ಟು, ಕಾಂಡದ ಒರಟಿಗೆ ಎರಡು ಕಾಲೂರಿ, ಐವತ್ತೆರಡು ವರ್ಷದ ಫೋರ್‌ಮನ್ ಗುಣಪಾಲ ಪೂಜಾರಿ, ಮೂರು ವರ್ಷದಿಂದ ಮರ ಹತ್ತದವನು, ಇವತ್ತು ಹತ್ತಿದ್ದಾನೆ. ಕೆಳಗೆ ಉಮರ್. ಮೇಲಿನಿಂದ ನೋಡಿದರೆ ಉಮರ್ ಅಂದರೆ ಒಂದು ಹಳದಿ ಹೆಲ್ಮೆಟ್ಟು, ಹಿಂದಕ್ಕೆ ವಾಲಿದ ಒಂದು ಮುಖ, ಮುಖಕ್ಕಿಂತ ಹೆಚ್ಚು ಗಂಟಲು, ಕತ್ತೆತ್ತಿ ನೋಡುವವನ ಗಂಟಲಲ್ಲಿ ಆ ಗಂಟು ಎಷ್ಟು ದೊಡ್ಡದಾಗಿ ಕಾಣುತ್ತದೆ, ಅವನು ಕೂಗಿದಾಗ ಅದು ಮೇಲೆ ಹೋಗಿ ಕೆಳಗೆ ಬರುತ್ತದೆ, ಗುಣಪಾಲಣ್ಣ, ಎಂತ ಆಯ್ತು, ಕೈ ನಿಲ್ಲಿಸಿದ್ರಲ್ಲ. ಎಂತದ್ದೂ ಇಲ್ಲ ಮಾರಾಯ, ಗಾಳಿ ತಗೊಳ್ತಾ ಇದ್ದೇನೆ. ಗಾಳಿಯಾ, ಎಲ್ಲಿ ಗಾಳಿ, ಇಲ್ಲಿ ಬೀಡಿ ಹೊತ್ತಿಸಿದರೆ ಹೊಗೆ ಕೂಡ ಅಲ್ಲೇ ನಿಲ್ತದೆ.

ನಿನಗೆ ಬೀಡಿಯ ನೆನಪು ಯಾಕೆ ಈಗ, ನೋಂಬು ಹಿಡಿದವನಿಗೆ, ಅಂತ ಹೇಳಬೇಕೆಂದುಕೊಂಡ, ಹೇಳಿದನೋ ಇಲ್ಲವೋ, ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು, ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು, ಈ ವರ್ಷ ರಂಜಾನ್ ಸರಿಯಾಗಿ ಜೂನಿನಲ್ಲೇ ಬಂದು ಕೂತಿದೆ, ಎರಡು ಸಾವಿರದ ಹದಿನಾರು, ಇಲ್ಲಿಯ ಇಪ್ಪತ್ತೆರಡು ವರ್ಷದಲ್ಲಿ ಗುಣಪಾಲ ಚಳಿಯ ರಂಜಾನನ್ನೂ ನೋಡಿದ್ದಾನೆ, ಸಂಜೆ ಆರು ಗಂಟೆಗೆಲ್ಲ ಕತ್ತಲಾಗುವಂಥದ್ದು, ಇದು ಹಾಗಲ್ಲ, ನಾಲ್ಕಕ್ಕೆ ಮೊದಲೇ ಬಾಯಿ ಮುಚ್ಚಿದರೆ ರಾತ್ರಿ ಏಳರ ಮೇಲೆ ಬಾಯಿ ತೆರೆಯುವುದು, ನಡುವೆ ಒಂದು ಹನಿ ಇಲ್ಲ, ನಲವತ್ತನಾಲ್ಕು ಡಿಗ್ರಿ. ಮಧ್ಯಾಹ್ನ ಹೊರಗೆ ಕೆಲಸ ಮಾಡಬಾರದು ಅನ್ನುವ ಸರಕಾರದ ನಿಯಮ ಶುರುವಾಗುವುದು ಹದಿನೈದನೇ ತಾರೀಕಿಗೆ, ಇವತ್ತು ಹನ್ನೆರಡು, ಮೂರು ದಿನ ಮೊದಲಿನ ಸೂರ್ಯನಿಗೆ ಅದು ಗೊತ್ತುಂಟಾ, ಬುಟ್ಟಿಯಲ್ಲಿ ನಿಲ್ಲಿಸಿ ಮನುಷ್ಯನನ್ನು ಎತ್ತುವ ಮೆಷಿನು ಅಬುಧಾಬಿಯ ಸೈಟಿಗೆ ಹೋಗಿ ಕೂತಿದೆ, ಈ ಟವರಿನ ಮೆಂಟೆನೆನ್ಸ್ ನೋಡುವ ಶಾಮಸುಂದರ ಸರ್ ಬೆಳಿಗ್ಗೆ ಫೋನಿನಲ್ಲಿ, ಒಳ್ಳೆಯ ಮನುಷ್ಯ, ಮೈಸೂರಿನವರು, ಬೈಯುವಾಗಲೂ ಬಾಯಲ್ಲಿ ವೀಳ್ಯದೆಲೆ ಇರುವ ಹಾಗೆ ಮೆತ್ತಗೆ, ಏನ್ರೀ ಗುಣಪಾಲ್, ನಾಳೆ ಇನ್‌ಸ್ಪೆಕ್ಷನ್ ಇದೆ, ಒಣಗಿದ ಗರಿ ಎಲ್ಲ ಇಳಿಸಿ ಗೊನೆಗಳಿಗೆ ಬಲೆ ಕಟ್ಟಿಬಿಡಿ, ಹಣ್ಣು ಜನರ ತಲೆ ಮೇಲೆ ಬೀಳಬಾರದು ನೋಡಿ, ಆದರೆ ಹುಷಾರು ಕಣ್ರೀ, ತುಂಬಾ ಬಿಸಿಲು, ಹಾಗಂತ ಹುಷಾರೂ ಹೇಳಿದರು, ಆಗಲೇಬೇಕು ಅಂತಲೂ ಹೇಳಿದರು, ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ಮೈಸೂರಿನವರಿಗೇ ಸಾಧ್ಯ. ಬೆಳಿಗ್ಗೆ ಆರರಿಂದ ಉಮರನೇ ಹತ್ತಿದ್ದು, ಒಂಬತ್ತು ಮರ, ಬೆಕ್ಕಿನ ಹಾಗೆ ಹತ್ತುತ್ತಾನೆ, ಉಪ್ಪಳದ ಬ್ಯಾರಿ, ತೆಂಗಿನ ತೋಟದಲ್ಲೇ ಹುಟ್ಟಿದವನು, ಒಂಬತ್ತನೆಯದರಿಂದ ಇಳಿಯುವಾಗ ಮಾತ್ರ ಎಡಗಾಲು ಒಮ್ಮೆ ತಪ್ಪಿತು, ಒಂದು ಗೇಣು ಜಾರಿತು ಅಷ್ಟೆ, ಪಟ್ಟಿ ಹಿಡಿಯಿತು, ಉಮರ್ ಮೇಲಿನಿಂದ ನಕ್ಕ, ತುಟಿ ಬಿರಿದು ಬೆಳ್ಳಗಾಗಿತ್ತು, ಆ ನಗು ನೋಡಿ ಗುಣಪಾಲನ ಹೊಟ್ಟೆಯೊಳಗೆ ಎಂತದೋ ಆಯಿತು. ಇಳಿ, ಸಾಕು, ಉಳಿದ ಎರಡು ನಾನು. ನೀವಾ, ಗುಣಪಾಲಣ್ಣ, ನೀವು ಹತ್ತಿದರೆ ಮರಕ್ಕೆ ಹೊಟ್ಟೆನೋವು ಬರ್ತದೆ. ಪಟ್ಟಿ ಬಿಚ್ಚು ಅಂದೆ. ಪೂಜಾರಿಯವರ ಮಗ ರಂಜಾನಲ್ಲಿ ಖರ್ಜೂರದ ಮರದಿಂದ ಕಳ್ಳು ಇಳಿಸಲಿಕ್ಕೆ ಹೊರಟರು ಅಂತ ಊರಿಗೆ ಫೋನ್ ಮಾಡ್ತೇನೆ. ಮಾಡು, ಮೊದಲು ಬಿಚ್ಚು. ಬಿಚ್ಚಿದ. ಉಳಿದ ಇಬ್ಬರು ಬಂಗಾಳಿಗಳು ಕಡಿದ ಮಡಲು ತುಂಬಿಕೊಂಡು ರಾಸ್ ಅಲ್ ಖೋರಿನ ಯಾರ್ಡಿಗೆ ಹೋಗಿದ್ದರು, ಪಿಕಪ್ಪು ಬರಲು ಇನ್ನು ಒಂದು ಗಂಟೆ, ಇಲ್ಲಿ ಇರುವುದು ಇಬ್ಬರೇ, ಒಬ್ಬ ಮೇಲೆ, ಒಬ್ಬ ಕೆಳಗೆ.

ಸೊಂಟದಲ್ಲಿ ನೀರು ಕುಲುಕಿತು. ಒಂದೂವರೆ ಲೀಟರಿನ ಬಾಟಲಿ, ಒದ್ದೆ ಗೋಣಿ ಸುತ್ತಿ ಉಮರನೇ ಕಟ್ಟಿದ್ದು, ಇದು ಇರಲಿ ಅಣ್ಣ, ಮೇಲೆ ಪಂಪುಮನೆ ಇಲ್ಲ, ಅಂತ ಹೇಳಿ ನಕ್ಕಿದ್ದ, ಕಳ್ಳ, ಗೊತ್ತಿತ್ತು ಅವನಿಗೆ, ಹದಿನೈದು ನಿಮಿಷಕ್ಕೊಮ್ಮೆ ಮೋಟಾರು ನೋಡಿ ಬರ್ತೇನೆ ಅಂತ ಪಂಪುಮನೆಯ ಹಿಂದೆ ಹೋಗಿ ಫೋರ್‌ಮನ್ ಎಂತ ಮಾಡುತ್ತಾನೆ ಅಂತ, ಹೆಂಡತಿ ಅಕ್ಕು ಕೊಟ್ಟ ಫ್ಲಾಸ್ಕಿನಿಂದ ಉಪ್ಪು ಹಾಕಿದ ಗಂಜಿತಿಳಿ ಕುಡಿಯುತ್ತಾನೆ, ಬಾಯಿ ಒರೆಸುತ್ತಾನೆ, ಮೀಸೆ ಒಣಗುವ ತನಕ ಅಲ್ಲೇ ನಿಲ್ಲುತ್ತಾನೆ, ಆಮೇಲೆ ಮೋಟಾರು ಸರಿ ಉಂಟು ಅಂತ ಬರುತ್ತಾನೆ, ಆ ಮೋಟಾರಿನಷ್ಟು ಚೆನ್ನಾಗಿ ನೋಡಿಕೊಂಡ ಮೋಟಾರು ಇಡೀ ದುಬೈಯಲ್ಲಿ ಇಲ್ಲ ಅಂತ ಉಮರ್ ಒಮ್ಮೆ ಹೇಳಿದ್ದು ತಮಾಷೆಗೆ ಅಂದುಕೊಂಡಿದ್ದ. ಕುಡಿಯಿರಿ ಅಣ್ಣ, ನಾನು ನೋಡುದಿಲ್ಲ, ಅಂದಿದ್ದ. ನೋಡದೆ ಇರುವುದು ಹೇಗೆ, ಮೇಲೆ ಇರುವವನನ್ನು ಕೆಳಗಿನವನು ನೋಡುತ್ತಲೇ ಇರಬೇಕು, ಅದು ಈ ಕೆಲಸದ ಮೊದಲ ಪಾಠ, ಗುಣಪಾಲನೇ ಕಲಿಸಿದ್ದು, ಫೋನ್ ನೋಡಬಾರದು, ಆಚೆ ಈಚೆ ನೋಡಬಾರದು, ಮೇಲಿನವನ ಕಾಲು ನೋಡು, ಕೈ ನೋಡು, ಹಾಗೆ ಕತ್ತೆತ್ತಿ ಬಾಯಿ ತೆರೆದು ನಿಂತವನ ನೇರ ಮೇಲೆ ಬಾಟಲಿ ಎತ್ತಿ ಗಟಗಟ ಕುಡಿಯುವುದು, ಒಂದು ಹನಿ ಅವನ ಮುಖದ ಮೇಲೆ ಬಿದ್ದರೆ. ಹೋದ ರಂಜಾನಿನಲ್ಲಿ ಒಮ್ಮೆ ಆಗಿತ್ತು, ಅಬುಧಾಬಿಯಲ್ಲಿ, ಗಾಡಿಯ ಬಾಗಿಲು ತೆರೆದು ತಣ್ಣಗಿನ ಮಜ್ಜಿಗೆಯ ಬಾಟಲಿ ತೆಗೆದು ಕುಡಿದುಬಿಟ್ಟ, ಮರೆತೇ ಹೋಗಿತ್ತು, ಅರ್ಧ ಕುಡಿದು ಪಕ್ಕ ನೋಡಿದರೆ ಸೀಟಿನಲ್ಲಿ ಉಮರ್, ಅವನು ಕಿಟಕಿಯ ಕಡೆ ಮುಖ ತಿರುಗಿಸಿದ, ಆದರೆ ಗಂಟಲಿಗೆ ಗೊತ್ತಾಗಲಿಲ್ಲ, ಗಂಟಲಿನ ಗಂಟು ತಾನಾಗಿಯೇ ಮೇಲೆ ಹೋಗಿ ಕೆಳಗೆ ಬಂತು, ಏನನ್ನೂ ನುಂಗದೆ ನುಂಗಿತು, ಗುಣಪಾಲನಿಗೆ ಆ ಮಜ್ಜಿಗೆ ಹೊಟ್ಟೆಯಲ್ಲಿ ಮೂರು ದಿನ ಇತ್ತು.

ಆಮೇಲೆ ಮರಿಯಮ್ ಬೀವಿ, ಉಮರನ ತಾಯಿ, ಈ ಸಲ ನೋಂಬು ಶುರುವಾದ ಮೂರನೇ ದಿನ ಫೋನಿನಲ್ಲಿ, ಆ ಹೆಂಗಸಿನ ಸ್ವರದಲ್ಲಿ ಯಾವಾಗಲೂ ಹಿಂದೆ ಒಂದು ಕೋಳಿ ಇರುತ್ತದೆ, ಗುಣಪಾಲರೇ, ನಮ್ಮ ಉಮರ್ ಹನ್ನೆರಡು ವರ್ಷದಿಂದ ಒಂದು ನೋಂಬು ಬಿಟ್ಟವನಲ್ಲ, ಜ್ವರ ಬಂದಾಗಲೂ ಬಿಡಲಿಲ್ಲ, ಈಗ ಗಲ್ಫಿನ ಬಿಸಿಲು, ಕೆಲಸ, ಅಂತ ನೆಪ ಹೇಳಿ ಬಿಟ್ಟಾನು, ನೀವು ಹತ್ತಿರ ಇದ್ದೀರಲ್ಲ, ಸ್ವಲ್ಪ ನೋಡಿಕೊಳ್ಳಿ. ನಾನು ನೋಡಿಕೊಳ್ತೇನೆ ಬೀವಿಯವರೇ. ಆಗ ಪಕ್ಕದಲ್ಲಿ ಅಕ್ಕು, ಕರಾಮದ ಆ ಒಂದು ಕೋಣೆಯಲ್ಲಿ ಬಸಳೆ ಸೋಸುತ್ತಿದ್ದವಳು, ಫೋನ್ ಇಟ್ಟ ಮೇಲೆ ನಕ್ಕು ನಕ್ಕು, ಇದು ಒಳ್ಳೆ ಉಂಟು, ಬ್ಯಾರಿಯ ನೋಂಬಿಗೆ ಬಿಲ್ಲವ ಕಾವಲು. ನಗು ನೀನು, ತಾಯಿ ಒಪ್ಪಿಸಿದ್ದು. ಒಪ್ಪಿಸಿದ್ದು ಮಗನ ಉಪವಾಸ, ನಿಮ್ಮ ಉಪವಾಸ ಅಲ್ಲ ಮಾರಾಯ್ರೆ, ಉಪವಾಸ ಅವನದ್ದು, ಬಾಯಿ ಒಣಗುವುದು ನಿಮ್ಮದು, ಇದು ಯಾವ ದೇವರು ಹೇಳಿದ ಲೆಕ್ಕ, ನಿನ್ನೆ ಫ್ಲಾಸ್ಕು ಅರ್ಧ ಹಾಗೇ ವಾಪಸು ಬಂದಿದೆ, ಮೂತ್ರದ ಬಣ್ಣ ನೋಡಿಕೊಳ್ಳಿ, ಚಹಾದ ಹಾಗೆ ಬಂದರೆ ನನಗೆ ಹೇಳಿ. ಛೀ ಎಂತ ಮಾತು ಅಡಿಗೆಮನೆಯಲ್ಲಿ. ಅಡಿಗೆಮನೆ, ಮಲಗುವ ಮನೆ ಎಲ್ಲ ಇದುವೇ ಅಲ್ಲವಾ, ಇಲ್ಲಿಯೇ ಹೇಳಬೇಕು. ಚಹಾದ ಹಾಗೆಯೇ ಇತ್ತು ಇವತ್ತು ಬೆಳಿಗ್ಗೆ, ಹಾಲು ಹಾಕದ ಚಹಾ, ಅಕ್ಕುವಿಗೆ ಹೇಳಿಲ್ಲ. ಇನ್ನು ಎರಡೇ ಗೊನೆ, ಬಲೆಯ ಬಾಯಿಗೆ ದಾರ ಎಳೆದು ಗಂಟು ಹಾಕಿದರೆ ಮುಗಿಯಿತು, ಇಳಿದ ಮೇಲೆ ಪಂಪುಮನೆಯ ಹಿಂದೆ ಹೋಗಿ ಒಂದೇ ಸಲಕ್ಕೆ ಬಾಟಲಿ ಖಾಲಿ ಮಾಡುವುದು, ಅಲ್ಲಿಯ ತನಕ ಇರಲಿ, ಹೊರಗೆ ಬಯಲಲ್ಲಿ ಕುಡಿಯುವುದು ಈ ತಿಂಗಳಲ್ಲಿ ಕಾನೂನಿಗೂ ಸರಿಯಲ್ಲ, ಟವರಿನ ಸೆಕ್ಯುರಿಟಿಯವನು ನೋಡಿದರೆ — ಎಷ್ಟು ಸಲ ಹೇಳಿಕೊಂಡರೂ ಕಾನೂನು ಬರೀ ನೆಪ, ಕಾನೂನಿಗೆ ಗಂಟಲು ಇಲ್ಲ, ಅದು ನುಂಗುವುದಿಲ್ಲ, ನುಂಗುವುದು ಕೆಳಗೆ ನಿಂತವನು.

ಬಲೆಯ ದಾರ ಎಲ್ಲಿ, ಕೈಯಲ್ಲಿಯೇ ಇದೆ, ಕೈ ಬೇರೆಯವರದ್ದರ ಹಾಗೆ ದೂರ ಕಾಣುತ್ತಿದೆ, ಹಸಿರು ಕಾಯಿಗಳು ಗೊನೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿವೆ, ಎಣಿಸಬೇಕೆನಿಸುತ್ತದೆ, ಯಾಕೆ ಎಣಿಸುವುದು, ಅಪ್ಪ ಎಣಿಸುತ್ತಿದ್ದರು, ಕಾಯಿಗಳನ್ನಲ್ಲ, ಹೆಜ್ಜೆಗಳನ್ನು, ತಾಳೆಮರಕ್ಕೆ ಹತ್ತುವಾಗ ಕಾಲಿಗೆ ಹಗ್ಗದ ತಳೆ ಹಾಕಿಕೊಂಡು, ಒಂದು, ಎರಡು, ಮೂರು, ಮೂವತ್ತೆರಡಕ್ಕೆ ಕಳ್ಳಿನ ಗಡಿಗೆ ಸಿಗಬೇಕು, ಹತ್ತುವ ಮೊದಲು ಮರವನ್ನು ಮುಟ್ಟಿ ಕೈ ಎದೆಗೆ ತರುವುದು, ಅದಕ್ಕೂ ಮೊದಲು ಒಂದು ಗೆರಟೆ ತುಂಬ ಗಂಜಿತಿಳಿ, ಹೊಟ್ಟೆಗೆ ಹಾಕಿಯೇ ಹತ್ತಬೇಕು ಗುಣ, ಬಾಯಾರಿದವನು ಮರ ಹತ್ತಬಾರದು, ಮೇಲೆ ಕಳ್ಳು ಉಂಟು, ಅದು ಕರೀತದೆ, ಎರಡು ಗುಟುಕು ಅಂತ ಶುರು ಮಾಡಿದವನು ಇಳಿಯುವಾಗ ದಾರಿ ಬಿಟ್ಟು ಇಳಿಯುತ್ತಾನೆ. ಇಲ್ಲಿ ಮೇಲೆ ಏನು ಕರೆಯುತ್ತದೆ ಅಪ್ಪ, ಇಲ್ಲಿ ಮೇಲೆ ಏನೂ ಇಲ್ಲ, ಮುಳ್ಳು, ಧೂಳು, ಸೊಂಟದಲ್ಲಿ ನೀರು, ಕುಡಿಯುವ ಹಾಗಿಲ್ಲದ್ದು. ಮೊದಲ ವರ್ಷ ಬಂದಾಗ ಇಲ್ಲಿನ ಮರ ನೋಡಿ ನಗು ಬಂದಿತ್ತು, ಇದೆಂತ ಮರ, ತಾಳೆಯ ಸಣ್ಣ ತಮ್ಮನ ಹಾಗೆ, ಹತ್ತಿದ ಮೇಲೆ ಗೊತ್ತಾಯಿತು, ತಮ್ಮನೇ ಹೆಚ್ಚು ಕಚ್ಚುವುದು, ಮಡಲಿನ ಬುಡದ ಒಂದೊಂದು ಮುಳ್ಳೂ ಅಕ್ಕುವಿನ ಗೋಣಿ ಹೊಲಿಯುವ ಸೂಜಿಯಷ್ಟು ಉದ್ದ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹಿಂದಿ ಕಲಿಸಿದ್ದು ಈ ಮರ, ಮಲಯಾಳ ಕಲಿಸಿದ್ದು ಈ ಮರ, ಅರಬ್ಬಿಯಲ್ಲಿ ಯಲ್ಲಾ, ಖಲಾಸ್, ಮಾಫಿ, ಹೊರಡು, ಮುಗೀತು, ಇಲ್ಲ, ಅಂತ ಮೂರು ಮಾತಿನಲ್ಲಿ ಇಡೀ ದಿನದ ಕೆಲಸ ಮಾಡಿಸಬಹುದು ಅಂತ ಕಲಿಸಿದ್ದೂ ಇದರ ಕೆಳಗೆ ನಿಂತೇ. ಮಂಡೆ ಸ್ವಲ್ಪ ನೋಯುತ್ತಿದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿರಬೇಕು.

ಬೆಳಿಗ್ಗೆ ಐದೂಮುಕ್ಕಾಲಕ್ಕೆ ಎಲ್ಲರನ್ನೂ ನಿಲ್ಲಿಸಿ ಶಾಮಸುಂದರ ಸರ್ ಕೊಟ್ಟ ಕಾಗದ ಓದಿದ್ದ, ಇಂಗ್ಲಿಷಿನಲ್ಲಿರುವುದನ್ನು ಕಣ್ಣಿನಲ್ಲಿ ಓದಿ ಬಾಯಲ್ಲಿ ಹಿಂದಿ, ನಡುನಡುವೆ ಉಮರನಿಗೆ ತುಳು, ನೋಡಿ ಭಾಯಿ, ಸೆಖೆ ತಲೆಗೆ ಏರಿದರೆ ಹೇಗೆ ಗೊತ್ತಾಗುತ್ತದೆ, ಒಂದು, ಮಂಡೆ ನೋವು, ಎರಡು, ವಾಂತಿ ಬಂದ ಹಾಗೆ, ಮೂರು, ಮಾತು ಅಡ್ಡಾದಿಡ್ಡಿ, ನಾಲ್ಕು, ಪಸೀನಾ ಬಂದ್, ಆಗ ಯಾರೇ ಆಗಲಿ ಕೂಡಲೇ ಇಳಿಯಬೇಕು, ನೆರಳು, ನೀರು, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ, ನೋಂಬಿನವನಾದರೂ ಸರಿ ಜೀವ ಮೊದಲು, ಹಾಗಂತ ಉಮರನ ಕಡೆ ನೋಡಿಯೇ ಹೇಳಿದ್ದ, ಅದಕ್ಕೆ ಈಗ ಮೇಲಿನಿಂದಲೇ ಅವನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಕಣ್ಣು ನೇರ ನಿಂತಿದೆಯಾ, ಕಾಲು ನೇರ ನಿಂತಿದೆಯಾ, ಅಂಗಿಯ ಬೆನ್ನು ಒದ್ದೆ ಇದೆಯಾ, ಇದೆ, ಕಪ್ಪಗೆ ಒದ್ದೆ, ಒಳ್ಳೆಯದು, ಮಾತು. ಉಮರ್, ಇವತ್ತು ಯಾವ ವಾರ. ಆದಿತ್ಯವಾರ, ಯಾಕೆ. ನಿನ್ನ ದೊಡ್ಡ ಮಗಳ ಹೆಸರೆಂತ. ಎಂತ ಗುಣಪಾಲಣ್ಣ, ಸಂಬಂಧ ನೋಡ್ತೀರಾ, ಅವಳಿಗೆ ನಾಲ್ಕು ವರ್ಷ. ಸರಿ, ಮಾತು ಸರಿ ಉಂಟು, ಉಮರ್ ಸರಿ ಉಂಟು, ಮರಿಯಮ್ ಬೀವಿಗೆ ಹೇಳಬಹುದು, ನಿಮ್ಮ ಮಗ ಸರಿ ಉಂಟು ಬೀವಿಯವರೇ. ಕೆಳಗೆ ಆ ಗಂಟಲು ಮೇಲೆ ಕೆಳಗೆ ಆಯಿತು, ಮತ್ತೆ ಬೇರೆಯೇ ಸ್ವರದಲ್ಲಿ, ನಿಧಾನಕ್ಕೆ, ಮಕ್ಕಳನ್ನು ಕೇಳುವ ಹಾಗೆ, ಗುಣಪಾಲಣ್ಣ, ನಾನೂ ಒಂದು ಕೇಳ್ತೇನೆ, ಇದು ಎಷ್ಟನೇ ಮರ. ಇದು, ಅಂದ ಗುಣಪಾಲ, ಸುಲಭದ ಪ್ರಶ್ನೆ, ಇದು ಆಚೆ ಮನೆ ಸಂಜೀವಣ್ಣನ ಗದ್ದೆಯ ಬದಿಯದ್ದು, ಮೂವತ್ತೆರಡು ಹೆಜ್ಜೆ, ನಾನು ಇಪ್ಪತ್ತೆಂಟರಲ್ಲಿ ಇದ್ದೇನೆ, ಗಡಿಗೆ ಕಾಣುತ್ತಾ ಉಂಟು. ಹೇಳಿದ ಮೇಲೆ ಅದು ತನ್ನ ಕಿವಿಗೇ ಕೇಳಿತು. ಯಾರ ಗದ್ದೆ, ಇಲ್ಲಿ ಎಲ್ಲಿಯ ಗದ್ದೆ, ಗಾಜು, ನೀರು, ಸಿಮೆಂಟು, ಹನ್ನೊಂದು ಖರ್ಜೂರದ ಮರ, ಒಂದು, ಮಂಡೆ ನೋವು, ಹೌದು, ಎರಡು, ಹೊಟ್ಟೆಯೊಳಗೆ ಆಗಿನಿಂದ ತಿರುವುತ್ತಿದೆ, ಹೌದು, ಮೂರು, ಈಗ ಆಯಿತು, ನಾಲ್ಕು, ಬೆವರು ನಿಂತದ್ದು — ಗಾಳಿ ಬಂದದ್ದಲ್ಲ. ಇಷ್ಟು ಹೊತ್ತು ಯಾರನ್ನು ಪರೀಕ್ಷೆ ಮಾಡುತ್ತಿದ್ದೆ ನೀನು, ಮಂಗ.

ನೀರು ಕುಡೀರಿ, ಉಮರ್ ಕೂಗುತ್ತಿದ್ದಾನೆ, ಗುಣಪಾಲಣ್ಣ ಬಾಟಲಿ ತೆಗೀರಿ, ಈಗಲೇ, ಅಲ್ಲಿಯೇ, ನಾನು ಆಚೆ ತಿರುಗಿ ನಿಲ್ತೇನೆ, ನೋಡಿ ತಿರುಗಿದೆ, ಹಳದಿ ಹೆಲ್ಮೆಟ್ಟು ತಿರುಗಿತು, ಮತ್ತೆ ತಾಳಲಾರದೆ ಈಚೆ ತಿರುಗಿತು, ಕುಡಿದ್ರಾ. ಇಳಿದು ಕುಡಿಯುತ್ತೇನೆ ಮಾರಾಯ, ಇಳಿಯುವುದೇ ಈಗ. ಇಳಿಯುವುದೆಂದರೆ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮೈ ಮರದ ಕಡೆಗೆ ತಂದು ಸಡಿಲ ಮಾಡಿ ಒಂದು ಗೇಣು ಕೆಳಗೆ ಹಾಕುವುದು, ಮತ್ತೆ ಕಾಲು, ಮತ್ತೆ ಪಟ್ಟಿ, ನಿದ್ದೆಯಲ್ಲಿ ಕೂಡ ಮಾಡಬಹುದಾದ ಕೆಲಸ, ಬೆರಳುಗಳು ಪಟ್ಟಿಯನ್ನು ಮುಟ್ಟಿದವು, ಹಿಡಿಯಲಿಲ್ಲ, ಮತ್ತೊಮ್ಮೆ ಹೇಳಿ ನೋಡಿದ, ಹಿಡಿ, ಅವು ದೊಡ್ಡ ಮನೆಯ ಮಕ್ಕಳ ಹಾಗೆ ಸುಮ್ಮನೆ ನೋಡಿದವು. ಕಾಲಿನ ಹಿಂಭಾಗ ಕುಣಿಯಲು ಶುರುವಾಯಿತು, ತಾನಾಗಿಯೇ, ಎಡಗಾಲು ಮೊದಲು, ಕೆಳಗೆ ಉಮರ್ ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ, ಸರ್, ಏಣಿ ಕಳಿಸಿ ಸರ್, ಉದ್ದದ ಏಣಿ, ಇಬ್ಬರು ಜನ, ಆ್ಯಂಬುಲೆನ್ಸಿಗೂ ಹೇಳಿ, ಅಭೀ, ಹಾಗಾದರೆ ಶಾಮಸುಂದರ ಸರ್, ಹನ್ನೊಂದನೇ ಮಾಳಿಗೆಯ ತಣ್ಣನೆಯ ಕೋಣೆಯಿಂದ ಈಗ ಕಿಟಕಿಗೆ ಬಂದು ನೋಡುತ್ತಿರಬೇಕು, ಅಯ್ಯೋ ಗುಣಪಾಲ್, ಹುಷಾರು ಅಂದಿದ್ದೆನಲ್ರೀ. ಅಂದಿದ್ದಿರಿ ಸರ್. ಹೆಲ್ಮೆಟ್ಟು ಕಾಣಿಸಲಿಲ್ಲ. ಉಮರ್ ನಿಂತಿದ್ದ ಜಾಗದಲ್ಲಿ ಬರೀ ಇಂಟರ್‌ಲಾಕಿನ ಕಲ್ಲು, ಕೆಂಪು, ಬೂದಿ, ಕೆಂಪು, ಬೂದಿ, ಅದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಈ ಹಗ್ಗದ ಪಟ್ಟಿ ಒಂದು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ಇರುತ್ತಿದ್ದೆ, ಅಕ್ಕುವಿಗೆ ಯಾರು ಫೋನ್ ಮಾಡುತ್ತಿದ್ದರು, ಏನು ಹೇಳುತ್ತಿದ್ದರು, ಸೊಂಟದಲ್ಲಿ ನೀರು ಇಟ್ಟುಕೊಂಡು ಬಾಯಾರಿ ಬಿದ್ದರು ಅಂತ ಹೇಳಿದರೆ ಅವಳು ನಂಬುತ್ತಾಳೆ, ಅವಳೊಬ್ಬಳು ನಂಬುತ್ತಾಳೆ.

ಮರ ಅಲ್ಲಾಡಿತು. ಕಾಂಡದಲ್ಲಿ ಒಂದು ಸಣ್ಣ ನಡುಕ, ಯಾರೋ ಹತ್ತುವಾಗ ಮರಕ್ಕೆ ಆಗುವಂಥದ್ದು, ಆ ನಡುಕವನ್ನು ಅಂಗಾಲಿನಿಂದ ಓದಲು ಕಲಿತದ್ದು ಹತ್ತು ವರ್ಷದವನಿದ್ದಾಗ, ಬರುತ್ತಿರುವುದು ಹಗುರ ಮನುಷ್ಯ, ಬೇಗ ಹತ್ತುವವನು, ಹತ್ತಬೇಡ ಉಮರ್, ಒಂಬತ್ತು ಮರ ಹತ್ತಿದ್ದೀಯಾ, ಹತ್ತನೆಯದು ನನ್ನದು ಅಂತ ಹೇಳಿದ್ದಲ್ಲವಾ, ಹೇಳಿದ್ದು ಬಾಯಿಗೆ ಬರಲಿಲ್ಲ. ಮೊದಲು ಉಮರನ ಹೆಗಲು ಬಂತು, ಗುಣಪಾಲನ ತೊಡೆಯ ಕೆಳಗೆ ಬಂದು ಗಟ್ಟಿಯಾಗಿ ಒತ್ತಿ ನಿಂತಿತು, ಕೂರಿ ಅಣ್ಣ, ನನ್ನ ಮೇಲೆ ಭಾರ ಹಾಕಿ, ಆಮೇಲೆ ತಣ್ಣನೆಯ ಏನೋ ಕುತ್ತಿಗೆಯ ಹಿಂದೆ, ಬೆನ್ನಿನ ಮೇಲೆ, ಒದ್ದೆ ಗೋಣಿ, ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ನೆನೆಸಿ ತಂದದ್ದು, ಅದರ ನೀರು ಬೆನ್ನಗುಂಟ ಇಳಿಯುವಾಗ ಮೈಯೆಲ್ಲ ಒಂದೇ ಸಲ ನಡುಗಿತು, ಎಷ್ಟು ಸುಖ, ಎಷ್ಟು ನೋವು. ಉಮರ್ ಇನ್ನೊಂದು ಹೆಜ್ಜೆ ಮೇಲೆ ಬಂದ, ಸಾಮಾನಿನ ಚೀಲದಲ್ಲಿದ್ದ ಹಳೆಯ ಪಟ್ಟಿ ಅವನ ಸೊಂಟದಲ್ಲಿ, ಎರಡು ಪಟ್ಟಿ, ಒಂದು ಮರ, ಮುಖಕ್ಕೆ ಮುಖ, ಗುಣಪಾಲನ ಸೊಂಟದಿಂದ ಬಾಟಲಿ ಬಿಚ್ಚಿದ, ಮುಚ್ಚಳವನ್ನು ಹಲ್ಲಿನಲ್ಲಿ ತಿರುಗಿಸಿ ಉಗುಳಿದ, ಅದು ಕೆಳಗೆ ಬೀಳುವುದಕ್ಕೆ ತುಂಬ ಹೊತ್ತು ಹಿಡಿಯಿತು. ಬಾಯಿ ತೆರೀರಿ. ಬಾಟಲಿ ತುಟಿಗೆ ತಾಗಿತು, ಗುಣಪಾಲ ಮುಖ ತಿರುಗಿಸಿದ, ಬೇಕೆಂದು ಮಾಡಿದ್ದಲ್ಲ, ಕುತ್ತಿಗೆ ತಾನಾಗಿ ತಿರುಗಿತು, ನೀರು ಗಲ್ಲದ ಮೇಲೆ ಹರಿದು ಅಂಗಿಗೆ ಹೋಯಿತು. ನಿನ್ನ ಎದುರು ಬೇಡ. ಎಂತ. ನಿನ್ನ ಎದುರು ಬೇಡ ಉಮರ್, ಕೆಳಗೆ, ಪಂಪುಮನೆ. ಅಲ್ಲಾ, ಇವರ ಮಂಡೆ, ಅಂದ ಉಮರ್, ಗುಣಪಾಲಣ್ಣ, ನಾನು ಕಣ್ಣು ಮುಚ್ತೇನೆ, ಆಯ್ತಾ, ಮುಚ್ಚಿದೆ, ಕುಡೀರಿ. ಉಮರನ ಮುಚ್ಚಿದ ಕಣ್ಣು, ರೆಪ್ಪೆಯ ಮೇಲೆ ಮಡಲಿನ ಧೂಳು, ಬಿರಿದ ತುಟಿ, ಅದರ ಕೆಳಗೆ, ಗುಣಪಾಲನ ಮುಖದಿಂದ ಒಂದು ಗೇಣು ದೂರದಲ್ಲಿ, ಗಂಟಲು, ನೀರಿನ ವಾಸನೆ ಅದಕ್ಕೂ ಬಂದಿತ್ತು, ಗಂಟು ಮೇಲೆ ಹೋಗಿ ಕೆಳಗೆ ಬಂತು, ಏನನ್ನೂ ನುಂಗದೆ. ಇಲ್ಲ. ತುಟಿಯನ್ನು ಒಳಗೆ ಎಳೆದುಕೊಂಡು ಗುಣಪಾಲ ತಲೆಯಾಡಿಸಿದ, ತಲೆ ಹಾಗೆಯೇ ಮರಕ್ಕೆ ವಾಲಿತು, ಗಲ್ಲಕ್ಕೆ ಕಾಂಡದ ಒರಟು, ಕಣ್ಣಿನ ಬದಿಯಿಂದ ಬಿಳಿ ಬರತೊಡಗಿತು, ಗಾಜಿನ ಮೇಲಿನ ಸೂರ್ಯನ ಹಾಗೆ, ಮಲಗಬಹುದು, ಇಲ್ಲಿಯೇ. ಉಮರ್ ಕಣ್ಣು ತೆರೆದಿರಬೇಕು, ಕೆನ್ನೆಗೆ ಎರಡು ಪೆಟ್ಟು ಬಿತ್ತು, ಮಲಗಬೇಡಿ, ನನ್ನ ಕಡೆ ನೋಡಿ, ಗುಣಪಾಲಣ್ಣ, ಇತ್ತ ನೋಡಿ, ಏನು, ನೋಡುತ್ತಿದ್ದೇನೆ ಮಾರಾಯ. ಉಮರ್ ಏನೋ ಯೋಚಿಸಿದ ಹಾಗೆ ಕೆರೆಯ ಆಚೆ ಒಮ್ಮೆ ನೋಡಿದ, ಅಷ್ಟೇ ಹೊತ್ತು, ಒಂದು ಉಸಿರಿನಷ್ಟು, ಬಾಯಲ್ಲಿ ಅಲ್ಲಾಹನ ಹೆಸರು, ಬಿಸ್ಮಿ ಅಂದದ್ದು ಕೇಳಿತು, ಬಾಟಲಿ ಎತ್ತಿದ, ತನ್ನ ಬಾಯಿಗೆ, ಬೇಡ, ಉಮರ್, ನಿನ್ನ ತಾಯಿ, ಹನ್ನೆರಡು ವರ್ಷ, ಕೈ ಎತ್ತಿ ತಡೆಯಬೇಕು, ಕೈ ಇಲ್ಲ, ಉಮರ್ ಕುಡಿಯುತ್ತಿದ್ದಾನೆ, ಒಂದು ಗುಟುಕು ಅಲ್ಲ, ತೋರಿಸಲಿಕ್ಕೆ ಅಲ್ಲ, ಸರಿಯಾಗಿ, ತಲೆ ಹಿಂದಕ್ಕೆ ಹಾಕಿ, ಬಾಟಲಿಯೊಳಗೆ ಗುಳ್ಳೆ ಏಳುತ್ತಿದೆ. ಬಾಟಲಿ ಇಳಿಸಿದ, ಕೈಯ ಹಿಂಭಾಗದಿಂದ ಬಾಯಿ ಒರೆಸಲಿಲ್ಲ. ನೋಡಿ, ನನ್ನದು ಹೋಯ್ತು, ಒಂದು ದಿನ ಬೇರೆ ಹಿಡಿದರಾಯ್ತು, ನೀವು ಹೋದರೆ ಬೇರೆ ಎಲ್ಲಿಂದ ತರುವುದು, ಈಗ ಇಲ್ಲಿ ನೋಂಬಿನವರು ಯಾರೂ ಇಲ್ಲ, ಇನ್ನು ಕುಡೀರಿ. ಬಾಟಲಿಯ ಬಾಯಿ ಉಮರನ ತುಟಿಯಿಂದ ಬಂದು ಗುಣಪಾಲನ ತುಟಿಗೆ ತಾಗಿತು, ಬೆಚ್ಚಗಿನ ನೀರು, ಗೋಣಿಯ ವಾಸನೆ, ನಾಲಗೆ ಅಂಗುಳಿನಿಂದ ಬಿಟ್ಟಿತು, ಕೆಳಗೆ ಯಾರೋ ಓಡಿ ಬರುತ್ತಿದ್ದರು, ಏಣಿ ಕಲ್ಲಿಗೆ ತಾಗಿದ ಶಬ್ದ, ಏನ್ರೀ ಗುಣಪಾಲ್ ಅನ್ನುವ ಸ್ವರ, ಅದೆಲ್ಲ ದೂರ, ಹತ್ತಿರ ಇದ್ದದ್ದು ಒಂದೇ, ಒಂದು ಗೇಣು ದೂರದಲ್ಲಿ, ಧೂಳಿನ ಮೇಲೆ ನೀರಿನ ಒಂದು ಗೆರೆ ಇಳಿದ ಆ ಗಂಟಲು, ಬಾಯಲ್ಲಿ ಉಳಿದ ಕೊನೆಯ ಗುಟುಕನ್ನು ಇನ್ನೂ ನುಂಗುತ್ತಿತ್ತು, ಗಂಟು ಮೇಲೆ ಹೋಯಿತು, ನಿಂತಿತು, ಕೆಳಗೆ ಬಂತು.